ನೆಲ್ಲಿಕಾಯಿ ರಸದಲ್ಲಿ ಅಯೋಡಿನ್

ನನ್ನ ತಮ್ಮ ಗೋವಿಂದ ಕೆಮಿಸ್ಟ್ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಾಗಪುರದ ಕನ್ನಡದವರಲ್ಲಿ ಅರ್ಧ ಜನ ಅವನನ್ನು ಹಾಗೆಂದೇ ನಂಬಿದ್ದಾರೆ. ಅವನು ಸರಕಾರಿ ಕಾರ್ಖಾನೆಯ ಸ್ಟೋರಿನಲ್ಲಿ ಕೂತಿದ್ದವನು. ಲ್ಯಾಬಿನಿಂದ ಯಾರಾದರೂ ಚೀಟಿ ತಂದರೆ ಕಪಾಟಿನಿಂದ ಬಾಟಲಿ ಇಳಿಸಿ ಕೊಡುವುದು, ಖಾಲಿ ಬಾಟಲಿ ತಿರುಗಿ ಬಂದರೆ ಒಳಗಿಡುವುದು ಅವನ ಕೆಲಸ. ಜೀವನವಿಡೀ ಅದನ್ನೇ ಮಾಡಿ ನಿವೃತ್ತನಾದ. ಗಂಧದ ಮೂಟೆ ಹೊತ್ತ ಕತ್ತೆ ನಿವೃತ್ತಿಯ ಮರುದಿನ ತನ್ನನ್ನು ಗಂಧದ ವ್ಯಾಪಾರಿ ಎಂದುಕೊಂಡಂತೆ, ಇವನೂ ಅಂದಿನಿಂದ "ನಮ್ಮ ಲ್ಯಾಬಿನ್ಯಾಗ" ಎಂದು ಮಾತು ಶುರು ಮಾಡತೊಡಗಿದ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿತು. ಯಾರದೋ ಮನೆಯ ನೀರಿನ ಟಾಕಿಯಲ್ಲಿ ಪಾಚಿ ಕಟ್ಟಿದರೆ ಇವನನ್ನು ಕರೆದು ಕೇಳುತ್ತಿದ್ದರು. ಇವನು ಟಾಕಿಯೊಳಗೆ ಇಣುಕಿ ನೋಡಿ, ತಲೆಯಾಡಿಸಿ, ಚಹಾ ಕುಡಿದು ಬರುತ್ತಿದ್ದ. ಪಾಚಿ ಅಲ್ಲೇ ಇರುತ್ತಿತ್ತು.

ನಾನು ಅವನ ಅಕ್ಕ, ಎಲ್ಲರ ಬಾಯಲ್ಲಿ ಕಾಶಕ್ಕ. ಅವನನ್ನು ಶಾಲೆಗೆ ಹಾಕುವ ವರ್ಷ ನನ್ನನ್ನು ಬಿಡಿಸಿದರು. ಆ ಬಗ್ಗೆ ಈಗ ಸಿಟ್ಟಿಲ್ಲ. ಮದುವೆಯಾಗಿ ಈ ಊರಿಗೆ ಬಂದು, ಮಕ್ಕಳು ತಮ್ಮ ತಮ್ಮ ಚೀಲ ಹೊರುವಷ್ಟು ದೊಡ್ಡವರಾದ ಮೇಲೆ, ರಾತ್ರಿ ಶಾಲೆಗೆ ಹೋಗಿ ಮರಾಠಿಯಲ್ಲಿ ಹತ್ತನೇ ಇಯತ್ತೆ ಮುಗಿಸಿದೆ. ಸಿಟ್ಟಿರುವುದು ಬೇರೆಯದಕ್ಕೆ. ನನ್ನನ್ನು ಬಿಡಿಸಿ ಓದಿಸಿದವರು ಕೊನೆಗೆ ಇಂಥವನನ್ನು ತಯಾರಿಸಿದರಲ್ಲ ಎಂದು.

ಅವನ ಸೊಸೆ ಸ್ವಪ್ನಾ ನಿಜವಾಗಿಯೂ ರಸಾಯನಶಾಸ್ತ್ರ ಓದಿದವಳು. ಧಾರವಾಡದಲ್ಲಿ ಎಮ್ಮೆಸ್ಸಿ ಮಾಡಿ, ನನ್ನ ತಮ್ಮನ ಮಗ ಅಭಿಜಿತ್‌ನನ್ನು ಮದುವೆಯಾಗಿ ಬಂದಳು. ಬಂದ ದಿನದಿಂದ ಮಾವನ ಲ್ಯಾಬಿನ ಕಥೆ ಕೇಳುತ್ತ "ಹೌದ್ರಿ ಮಾವ" ಎನ್ನುತ್ತಿದ್ದಾಳೆ. ಅವನು ಒಂದು ಸಲ ಉಪ್ಪು ಮತ್ತು ಸೋಡಾ ಎರಡೂ ಒಂದೇ ವಸ್ತು, ಅರೆಯುವುದರಲ್ಲಿ ಮಾತ್ರ ವ್ಯತ್ಯಾಸ ಎಂದಾಗಲೂ ಆಕೆ ಹೌದ್ರಿ ಮಾವ ಎಂದಳು. ಅಂದು ನನಗೆ ಮಾವನಿಗಿಂತ ಸೊಸೆಯ ಬಗ್ಗೆಯೇ ಹೆಚ್ಚು ತಾತ್ಸಾರ ಹುಟ್ಟಿತು. ಅಷ್ಟು ಓದಿ ಬಾಯಿ ಹೊಲಿದುಕೊಂಡು ಕೂರುವುದಾದರೆ ಓದಿದ್ದು ಯಾತಕ್ಕೆ?

ಆದರೆ ಹುಡುಗಿ ಸುಮ್ಮನೆ ಕೂತಿರಲಿಲ್ಲ. ಯಾರಿಗೂ ಹೇಳದೆ ಅರ್ಜಿ ಹಾಕಿ, ಊರ ಹೊರಗಿನ ಹಿಂಗಣಾದ ಒಂದು ಬಣ್ಣದ ಕಾರ್ಖಾನೆಗೆ ಇಂಟರ್‌ವ್ಯೂಗೂ ಹೋಗಿಬಂದಿದ್ದಳು. ಅಲ್ಲಿನ ಲ್ಯಾಬಿನಲ್ಲಿ ಬಣ್ಣ ಪರೀಕ್ಷಿಸುವ ಕೆಲಸ. ಮುಂದಿನ ಸೋಮವಾರ ಬಂದು ಸೇರಿ ಎಂದು ಫೋನು ಬಂದ ದಿನ ನಾನು ಅವರ ಮನೆಯಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆ.

"ಹಿಂಗಣಾ ಎಲ್ಲೆ ಅದ ಗೊತ್ತೇನು ನಿನಗ?" ಗೋವಿಂದ ಸೊಸೆಯನ್ನು ಕೇಳಿದ.

"ಗೊತ್ತದ್ರಿ ಮಾವ. ಹೋಗಿ ಬಂದೀನಲ್ರಿ."

"ಬಸ್ಸಿನ್ಯಾಗ ನಿಂತು ಹೋಗ್ಬೇಕು. ಎಲ್ಲಾ ಫ್ಯಾಕ್ಟರಿ ಮಂದಿ."

"ನಾನೂ ಫ್ಯಾಕ್ಟರಿ ಮಂದಿನ ಆಗ್ತೀನಲ್ರಿ."

ಸೊಪ್ಪಿನಿಂದ ತಲೆಯೆತ್ತಿ ಆಕೆಯ ಮುಖ ನೋಡಿದೆ. ಪರವಾಗಿಲ್ಲ ಎನಿಸಿತು.

"ಮತ್ತ ಕೂಸು?" ಎಂದ ಗೋವಿಂದ. ಕೂಸೆಂದರೆ ಯಶಿಕಾ, ಎರಡೂವರೆ ವರ್ಷದವಳು. ನೆಲದ ಮೇಲೆ ಕೂತು ನನ್ನ ಮೆಂತ್ಯದ ಕಡ್ಡಿಗಳನ್ನು ಒಂದೊಂದಾಗಿ ಸೋಫಾದ ಸಂದಿಗೆ ತುರುಕುತ್ತಿದ್ದಳು.

"ಅತ್ಯಾರು ನೋಡ್ಕೊಂಡ್ರ..."

"ಅಕೀ ಕೈಲೆ ಆಗೂದಿಲ್ಲ. ಅಕೀಗೆ ಮೊಣಕಾಲು ನೋವು."

'ಅಕೀ' ಎಂದರೆ ಅವನ ಹೆಂಡತಿ ವಾಸಂತಿ. ಅಲ್ಲೇ ಒಳಗೆ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಯಾರೂ ಆಕೆಯನ್ನು ಕರೆದು ಕೇಳಲಿಲ್ಲ. ನಾನೂ ಕೇಳಲಿಲ್ಲ, ಏಕೆಂದರೆ ವಾಸಂತಿಗೆ ಸ್ವಂತ ಅಭಿಪ್ರಾಯವಿರುವುದನ್ನು ನಾನು ಕಂಡೇ ಇರಲಿಲ್ಲ. ಇಂದು ಯಾವ ಪಲ್ಯ ಎಂದು ಕೇಳಿದರೂ "ಅವ್ರು ಏನಂತಾರೋ" ಎನ್ನುವ ಹೆಂಗಸು.

ಸ್ವಪ್ನಾ ಗಂಡನ ಕಡೆ ನೋಡಿದಳು. ಅಭಿಜಿತ್ ಬ್ಯಾಂಕಿನವನು, ಎಚ್ಚರಿಕೆಯ ಮನುಷ್ಯ. "ಅಪ್ಪಾ ಹೇಳೂದು ಬರೋಬರ್ ಅದ," ಎಂದ. ಸ್ವಲ್ಪ ತಡೆದು, "ಹಂಗ ನೋಡಿದ್ರ ಸ್ವಪ್ನಾ ಹೇಳೂದೂ ಬರೋಬರ್ ಅದ," ಎಂದ. ಆಮೇಲೆ ಫೋನು ನೋಡತೊಡಗಿದ. ತಕ್ಕಡಿಯ ಮುಳ್ಳಿನಂಥ ಗಂಡ. ಏನನ್ನೂ ಹೊರುವುದಿಲ್ಲ, ನಟ್ಟನಡುವೆ ನಿಂತರೆ ತನ್ನ ಕೆಲಸವಾಯಿತು ಎಂದುಕೊಳ್ಳುತ್ತದೆ.

"ನೋಡವಾ," ಗೋವಿಂದ ಗಂಟಲು ಸರಿಮಾಡಿಕೊಂಡ. "ಎಮ್ಮೆಸ್ಸಿ ಕಾಗದ ಯಾರರೆ ತಗೋತಾರ. ಲ್ಯಾಬಿನ್ಯಾಗ ಬೇಕಾಗೂದು ಕೈ. ಪ್ರ್ಯಾಕ್ಟಿಕಲ್. ನಾಳೆ ಅಲ್ಲೆ ಹೋಗಿ ಏನರೆ ಒಡದು ಸುಟ್ಟು ಬಂದ್ರ ಹೆಸರು ಕೆಡೂದು ನಂದು."

ಹಿಂಗಣಾದಲ್ಲಿ ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಅವನು ಫೋನು ತೆಗೆದು ಒಂದು ವಿಡಿಯೋ ಹಚ್ಚಿದ. ಯಾರೋ ಒಬ್ಬ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಬಾಟಲಿಯಿಂದ ಅಯೋಡಿನ್ನಿನ ಕರಿಯ ಹರಳು ತೆಗೆಯುವುದನ್ನು ತೋರಿಸುತ್ತಿದ್ದ. ಮನೆಯಲ್ಲೇ ಮಾಡಬಹುದಂತೆ. ಗೋವಿಂದ ಅದನ್ನು ಆ ವಾರ ಗುರುತಿನವರಿಗೆಲ್ಲ ಕಳಿಸಿದ್ದ. ನನಗೂ ಬಂದಿತ್ತು.

"ಇದೊಂದು ಮಾಡಿ ತೋರಸ್ಲಿ. ಈ ಮನ್ಯಾಗ, ನನ್ನ ಕಣ್ಣ ಮುಂದ. ಹರಳು ಬಿತ್ತು ಅಂದ್ರ ಹೋಗ್ಲಿ ಹಿಂಗಣಾಕ್ಕ, ನಾ ಅಡ್ಡ ಬರೂದಿಲ್ಲ. ಬೀಳ್ಲಿಲ್ಲ ಅಂದ್ರ ಈ ವಿಷಯ ಮತ್ತ ತಗೀಬಾರ್ದು."

"ನೀ ಎಂದಾದ್ರೂ ತಗದೀಯೇನೋ?" ಎಂದೆ ನಾನು.

"ಅಕ್ಕಾ, ನಾವು ಅಯೋಡಿನ್ ಡಬ್ಬಿಗಟ್ಟಲೆ ತಗೀತಿದ್ವಿ."

"ಕಪಾಟಿನ್ಯಾಗಿಂದೇನು?"

ಒಳಗೆ ಲಟ್ಟಣಿಗೆ ಮತ್ತೆ ನಿಂತಿತು. ಗೋವಿಂದ ನನ್ನ ಮಾತು ಕೇಳದವನಂತೆ ಸೊಸೆಯ ಕಡೆ ತಿರುಗಿದ. ನಾನು ಆಕೆ ಇಲ್ಲವೆನ್ನಲಿ ಎಂದು ಕಾದೆ. ಕೆಲಸ ಕೊಡುವ ಕಾರ್ಖಾನೆಯವರು ಪರೀಕ್ಷೆ ತೆಗೆದುಕೊಂಡಾಗಿದೆ, ಬಾಟಲಿ ಎಣಿಸಿದವನು ಇನ್ನೇನು ತೆಗೆದುಕೊಳ್ಳುವುದು ಎಂದು ಆಕೆ ಕೇಳಬೇಕಿತ್ತು.

"ಆಗ್ಲಿರಿ ಮಾವ," ಎಂದಳು ಸ್ವಪ್ನಾ. "ರವಿವಾರ ಮಾಡ್ತೀನಿ."

ಮೆಂತ್ಯವನ್ನು ಬುಟ್ಟಿಗೆ ಸುರಿದು ನಾನು ಮನೆಗೆ ಹೋದೆ.

ರವಿವಾರ ಬೆಳಿಗ್ಗೆ ಹೋದಾಗ ಮನೆ ಒಂದು ಸಣ್ಣ ಸಮಾರಂಭದಂತಿತ್ತು. ಗೋವಿಂದ ಇಸ್ತ್ರಿ ಮಾಡಿದ ಬಿಳಿಯ ಧೋತರ, ಜುಬ್ಬಾ ಹಾಕಿ ಸಾಕ್ಷಿಗೆಂದು ತಮ್ಮಯ್ಯನವರನ್ನು ಕರೆಸಿದ್ದ. ತಮ್ಮಯ್ಯ ತುಮಕೂರಿನ ಕಡೆಯವರು, ರೈಲ್ವೆಯಲ್ಲಿದ್ದವರು. ಒಳ್ಳೆಯ ಮನುಷ್ಯರೇ, ಆದರೆ ಹತ್ತಿರ ಕೂತವರು ಏನು ಹೇಳಿದರೂ ಒಪ್ಪುವ ಸ್ವಭಾವ. ಎರಡು ಕಡೆ ಇಬ್ಬರು ಕೂತರೆ ಇಬ್ಬರನ್ನೂ ಒಪ್ಪುತ್ತಾರೆ. ಯಶಿಕಾಳನ್ನು ಪಕ್ಕದ ಮನೆಗೆ ಆಡಲು ಕಳಿಸಿದ್ದರು. ನಡುಮನೆಯಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ, ನಡುವೆ ಬಾಗಿಲಿಲ್ಲ. ಕುರ್ಚಿಗಳನ್ನು ಆ ಕಡೆ ತಿರುಗಿಸಿ ಇಟ್ಟಿದ್ದ.

ಸ್ವಪ್ನಾ ದೂರದ ಸದರ್ ಪೇಟೆಯ ಔಷಧಿ ಅಂಗಡಿಯಿಂದ ಟಿಂಚರ್ ತಂದಿದ್ದಳು. ಹತ್ತಿರದ ಅಂಗಡಿಗಳಲ್ಲಿ ಈಗ ಅದು ಸಿಗುವುದಿಲ್ಲವಂತೆ, ಹೊಸ ತರಹದ ಮುಲಾಮು ಕೊಡುತ್ತಾರಂತೆ, ಅದರಿಂದ ಹರಳು ಬರುವುದಿಲ್ಲವಂತೆ. ಗಾಯ ತೊಳೆಯುವಾಗ ನೊರೆ ಬರುವ ನೀರು, ಅದೇ ಪೆರಾಕ್ಸೈಡು, ಅದೂ ಒಂದು ಬಾಟಲಿ ಇತ್ತು. ಗಾಜಿನ ಲೋಟ, ಗಾಜಿನ ಬಟ್ಟಲು, ಫ್ರಿಜ್ಜಿನಲ್ಲಿ ಬರ್ಫ. ನಾನು ಮೂಗಿಗೆ ಸೆರಗು ಹಿಡಿದು ಹತ್ತಿರ ಹೋಗಿ ನೋಡಿದೆ. ಅಯೋಡಿನ್ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ. ರಾತ್ರಿ ಶಾಲೆಯಲ್ಲಿ ಮಾಸ್ತರರು ಒಂದು ಹನಿಯನ್ನು ಹೆಚ್ಚಿದ ಬಟಾಟೆಯ ಮೇಲೆ ಬಿಟ್ಟು ನೀಲಿ ಮಾಡಿ ತೋರಿಸಿದ್ದರು.

"ಇನ್ನೊಂದು ಬೇಕು," ಎಂದಳು ಸ್ವಪ್ನಾ. "ಆ್ಯಸಿಡ್. ಬಾತ್‌ರೂಮಿನ್ಯಾಗ ತೊಳ್ಯೂದದಲ್ಲ, ಅದ ನಡೀತದ."

ಗೋವಿಂದ ಕುರ್ಚಿಯಿಂದ ಅರ್ಧ ಎದ್ದ. "ಯಾವುದು? ಪಾಯಿಖಾನಿಗೆ ಹಾಕೂದು?"

"ಹೌದ್ರಿ. ಅದು ಹೈಡ್ರೋಕ್ಲೋರಿಕ್ ಆ್ಯಸಿಡೇ ಅದ. ಲ್ಯಾಬಿನ್ಯಾಗೂ ಅದ."

"ಲ್ಯಾಬಿನ್ಯಾಗಿಂದು ಬ್ಯಾರೆ. ಪಾಯಿಖಾನಿ ಬಾಟ್ಲಿ ಅಡಗಿ ಕಟ್ಟಿ ಮ್ಯಾಲೆ ಬರೂದಿಲ್ಲ. ಅಲ್ಲೆ ನೋಡು, ಏನದ."

ಕಟ್ಟೆಯ ಒಂದು ತುದಿಗೆ ಗ್ಯಾಸು, ಇನ್ನೊಂದು ತುದಿಯ ಮೇಲೆ ಗೋಡೆಗೆ ದೇವರ ಗೂಡು. ನಾಗಪುರದ ಫ್ಲ್ಯಾಟುಗಳಲ್ಲಿ ದೇವರಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಗೋವಿಂದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಏನೇನು ತಿಂದನೆಂದು ನನಗೆ ಗೊತ್ತು. ನಿವೃತ್ತಿಯ ಮೇಲೆ ಮಡಿ ಹೆಚ್ಚಾಗಿದೆ, ಲ್ಯಾಬಿನ ಹಾಗೆಯೇ.

"ಹಂಗಾರ ಗ್ಯಾಲರಿಯೊಳಗ ಮಾಡ್ತೀನ್ರಿ," ಎಂದಳು ಸ್ವಪ್ನಾ.

"ಗ್ಯಾಲರಿಯೊಳಗ ಹೊಗಿ ಎದ್ದಿದ್ದು ನೋಡಿ ಎದುರಿನ ಮನಿಯಂವ ಪೋಲೀಸರಿಗೆ ಫೋನ್ ಹಚ್ಲಿ ಅಂತೇನು? ಮತ್ತ ಗ್ಯಾಸ್ ಎಲ್ಲಿಂದ ತರ್ತೀ ಅಲ್ಲೆ?"

"ನಿಜ, ನಿಜ," ಎಂದರು ತಮ್ಮಯ್ಯ. "ಗ್ಯಾಸು ಇಲ್ಲೇ ಇದೆಯಲ್ಲ."

"ಆ್ಯಸಿಡ್ ಇಲ್ದ ಆಗೂದಿಲ್ರಿ ಮಾವ."

ಆಗ ನನ್ನ ತಮ್ಮನ ಮುಖದಲ್ಲಿ ಒಂದು ಬೆಳಕು ಬಂತು. ಅವನು ಚಿಕ್ಕವನಿದ್ದಾಗಿನಿಂದ ಆ ಬೆಳಕನ್ನು ನಾನು ಬಲ್ಲೆ. ಅದು ಬಂದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆದಿದೆ.

"ಆ್ಯಸಿಡ್ ಅಂದ್ರ ಏನು?" ತಮ್ಮಯ್ಯನವರನ್ನು ಕೇಳಿದ. "ಹುಳಿ. ಹೌದಲ್ರಿ? ಹುಳಿ ಇದ್ದದ್ದೆಲ್ಲಾ ಆ್ಯಸಿಡ್. ಮನ್ಯಾಗ ಇಷ್ಟು ಶುದ್ಧ ಹುಳಿ ಇಟ್ಕೊಂಡು ಪಾಯಿಖಾನಿಗೆ ಯಾಕ ಹೋಗ್ಬೇಕು?"

ತುಳಸಿಯ ಲಗ್ನ ಆಗಷ್ಟೇ ಮುಗಿದಿತ್ತು. ಬೃಂದಾವನಕ್ಕೆ ನೆಲ್ಲಿಯ ಟೊಂಗೆ ನೆಡುವ ಹಬ್ಬ, ಆ ನೆವದಲ್ಲಿ ಮನೆಗೆ ಚೀಲಗಟ್ಟಲೆ ನೆಲ್ಲಿಕಾಯಿ ಬಂದಿರುತ್ತದೆ. ಗೋವಿಂದ ಪ್ರತಿದಿನ ಬೆಳಿಗ್ಗೆ ಅದರ ರಸ ಕುಡಿಯುತ್ತಾನೆ. ವಾಸಂತಿ ಅರೆದು ಹಿಂಡಿದ ರಸ ದೊಡ್ಡ ಲೋಟದ ತುಂಬ ಕಟ್ಟೆಯ ಮೇಲೆಯೇ ಇತ್ತು.

"ಬ್ಯಾಡ್ರಿ ಮಾವ. ಅದರಾಗ ವಿಟಮಿನ್ ಸಿ..."

"ವಿಟಮಿನ್ ಛಲೋನ ಅಲಾ?" ಎಂದು ಅವನು ಎದ್ದು ಹೋಗಿ, ಆಕೆ ಟಿಂಚರ್ ಸುರಿದು ಇಟ್ಟಿದ್ದ ಗಾಜಿನ ಲೋಟಕ್ಕೆ ರಸವನ್ನಷ್ಟೂ ಸುರಿದುಬಿಟ್ಟ.

ಕೆಂಪುಕಂದು ಬಣ್ಣ ಸುರಿದ ಕಡೆಯಿಂದ ಕರಗುತ್ತ ಬಂತು. ಚಮಚೆ ಹಾಕಿ ತಿರುವಿದ. ತಿರುವುತ್ತಿದ್ದಂತೆ ಲೋಟದಲ್ಲಿ ಉಳಿದದ್ದು ನೆಲ್ಲಿಕಾಯಿ ರಸ ಮಾತ್ರ. ಮಸುಕು ಹಸಿರು, ಮೇಲೆ ಸ್ವಲ್ಪ ನಾರು. ಔಷಧಿಯ ಬಣ್ಣ ಎಲ್ಲಿಗೆ ಹೋಯಿತೆಂದು ಹುಡುಕಿದರೂ ಇಲ್ಲ.

ಗೋವಿಂದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮುಖ ಸಣ್ಣದಾಯಿತು. ಆದರೆ ಅಂಥವರ ಮುಖ ಬಹಳ ಹೊತ್ತು ಸಣ್ಣದಾಗಿ ಇರುವುದಿಲ್ಲ.

"ಶುದ್ಧ ಆತು," ಎಂದ.

"ಆಹಾ," ಎಂದರು ತಮ್ಮಯ್ಯ. "ಮತ್ತೆ ಅಯೋಡಿನ್ನು?"

ಎಲ್ಲರೂ ಸ್ವಪ್ನಾಳನ್ನು ನೋಡಿದರು.

"ಅದರೊಳಗೇ ಅದರಿ. ಕಾಣಂಗಿಲ್ಲ. ರೂಪ ಬದಲಿ ಮಾಡ್ಕೊಂಡು ಕೂತದ. ಆ್ಯಸಿಡು, ಪೆರಾಕ್ಸೈಡು ಹಾಕಿದ್ರ ತಿರಗಿ ಬರ್ತದ."

ಗೋವಿಂದನಿಗೆ ಆಗ ತನ್ನ ಅನುಕೂಲ ಹೊಳೆಯಿತು. ಕುರ್ಚಿಗೆ ಬಂದು ಕೂತು ಧೋತರ ಸರಿಮಾಡಿಕೊಂಡ. "ಕಾಣಂಗಿಲ್ಲ ಅಂದ್ರ ಇಲ್ಲ. ಇಷ್ಟ ಪರೀಕ್ಷಾ. ಹರಳು ತೋರಸು ಅಂದಿದ್ದೆ, ನೆಲ್ಲಿಕಾಯಿ ರಸ ತೋರಿಸಿದಿ. ನಾ ಏನು ತಪ್ಪು ಹೇಳಿದ್ನೇನ್ರಿ ತಮ್ಮಯ್ಯ?"

"ಛೆ ಛೆ, ನೀವೆಲ್ಲಿ ತಪ್ಪು ಹೇಳ್ತೀರಿ ರಾಯರೆ. ಪಾಪ, ಹೆಣ್ಣುಮಗು. ಮನೇಲೇ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು ಇರಲಿ ಬಿಡಿ."

"ಸುರದಾವ್ರು ನೀವು," ಎಂದಳು ಸ್ವಪ್ನಾ. ಬಾಯಿಯ ಹೊಲಿಗೆ ಕೊನೆಗೂ ಬಿಚ್ಚಿತು. "ನಾ ಬ್ಯಾಡ ಅಂದೆ. ಆ ಬಾಟ್ಲಿ ಒಂದು ತರ್ಲಿಕ್ಕೆ ಬಿಡ್ರಿ. ಇನ್ನೂ ಆಗ್ತದ."

"ಕಟ್ಟಿ ಮ್ಯಾಲೆ ಆ ಬಾಟ್ಲಿ ಬರೂದಿಲ್ಲ. ಮುಗೀತು."

"ಅಭಿ, ನೀವರೆ ಹೇಳ್ರಿ."

ಅಭಿಜಿತ್ ಫೋನಿನಿಂದ ತಲೆಯೆತ್ತಿದ. ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ. "ಜಾನೇ ದೇ ಸ್ವಪ್ನಾ," ಎಂದ ಹಿಂದಿಯಲ್ಲಿ, ಹೋಗಲಿ ಬಿಡು ಎಂದು. ಮನೆಯಲ್ಲಿ ಹೇಡಿತನದ ಮಾತು ಆಡಬೇಕಾದಾಗ ಅವನಿಗೆ ಕನ್ನಡ ಬರುವುದಿಲ್ಲ.

ನನಗೆ ಸಾಕಾಯಿತು. ನಾನೇ ಹೋಗಿ ತರೋಣವೆಂದು ಕುರ್ಚಿಯ ಕೈ ಹಿಡಿದು ಏಳತೊಡಗಿದೆ. ಈ ವಯಸ್ಸಿನಲ್ಲಿ ಏಳುವುದೆಂದರೆ ಅದೇ ಒಂದು ಕಾರ್ಯ. ನಾನು ನೆಟ್ಟಗೆ ನಿಲ್ಲುವುದರೊಳಗೆ ನಮ್ಮೆಲ್ಲರ ನಡುವಿನಿಂದ ವಾಸಂತಿ ಹಾದುಹೋದಳು. ಅಷ್ಟು ಹೊತ್ತೂ ಆಕೆ ಒಳಗಿನ ಮೂಲೆಯಲ್ಲಿ, ಫ್ರಿಜ್ಜಿಗೆ ಬೆನ್ನು ಹಚ್ಚಿ ನಿಂತಿದ್ದಳು. ಬಾತ್‌ರೂಮಿಗೆ ಹೋಗಿರಬೇಕು, ಅಳು ಬಂದಿರಬೇಕು ಎಂದುಕೊಂಡೆ. ಅತ್ತೆಯರೂ ಒಮ್ಮೊಮ್ಮೆ ಸೊಸೆಯಂದಿರಿಗಾಗಿ ಅಳುತ್ತಾರೆ, ಬಾಗಿಲು ಹಾಕಿಕೊಂಡು, ಯಾರಿಗೂ ಉಪಯೋಗವಾಗದ ಹಾಗೆ.

ಆಕೆ ತಿರುಗಿ ಬಂದಾಗ ಕೈಯಲ್ಲಿ ಆ್ಯಸಿಡ್ ಬಾಟಲಿ ಇತ್ತು. ಕೈಗಾಡಿಯವನು ಮಾರಿಕೊಂಡು ಹೋಗುವಂಥದ್ದು, ಹಳೆಯ ಪ್ಲಾಸ್ಟಿಕ್ ಬಾಟಲಿ, ಕುತ್ತಿಗೆಗೆ ಚಿಂದಿ ಬಟ್ಟೆ ಕಟ್ಟಿದ್ದು. ಅದನ್ನು ಹಿಡಿದು ತಮ್ಮಯ್ಯನವರ ಮುಂದೆ, ಗಂಡನ ಮುಂದೆ ಹಾದು, ದೇವರ ಗೂಡಿನ ಕೆಳಗೆ ಕಟ್ಟೆಯ ಮೇಲೆ ಇಟ್ಟಳು.

"ಹಾಕವಾ," ಎಂದಳು ಸೊಸೆಗೆ.

"ವಾಸಂತೀ," ಎಂದ ಗೋವಿಂದ. "ಏನು ಮಾಡ್ಲಿಕ್ಕೆ ಹತ್ತೀ? ದೇವ್ರು ಅದಾವ ಅಲ್ಲೆ."

"ದೇವ್ರು ನೋಡ್ಲಿ. ನೀವೂ ನೋಡ್ರಿ."

ಈ ಹೆಂಗಸು ನನ್ನ ತಮ್ಮನ ಮನೆಗೆ ಬಂದಂದಿನಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು.

ಸ್ವಪ್ನಾ ಸಮಯ ಕಳೆಯಲಿಲ್ಲ. ಕಿಟಕಿ ಪೂರ್ತಿ ತೆರೆದಳು, ಹೊಗೆ ಎಳೆಯುವ ಫ್ಯಾನು ಹಾಕಿದಳು. ನಮಗೆ ದೂರ ಇರಲು ಹೇಳಿದಳು. ರಸವನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ನಾರು ತೆಗೆದಳು. ರಬ್ಬರಿನ ಕೈಗವಸು ಹಾಕಿಕೊಂಡು ಆ್ಯಸಿಡನ್ನು ಅಂಚಿನಿಂದ ಮೆಲ್ಲಗೆ ಇಳಿಸಿದಳು. ಆಮೇಲೆ ಪೆರಾಕ್ಸೈಡು. ಒಂದು ಹನಿಯೂ ಕಟ್ಟೆಯ ಮೇಲೆ ಬೀಳಲಿಲ್ಲ.

ಏನೂ ಆಗಲಿಲ್ಲ.

ಲೋಟದಲ್ಲಿ ಅದೇ ಮಸುಕು ನೀರು. ಸ್ವಪ್ನಾ ಅದನ್ನೇ ನೋಡುತ್ತ ನಿಂತಳು. ವಾಸಂತಿ ಆಕೆಯ ಪಕ್ಕದಲ್ಲಿ ನಿಂತಳು. ಗೋವಿಂದ ಮೊದಲು ಉಸಿರು ಬಿಗಿಹಿಡಿದಿದ್ದ. ಸ್ವಲ್ಪ ಹೊತ್ತಾದ ಮೇಲೆ ಕಾಲ ಮೇಲೆ ಕಾಲು ಹಾಕಿದ.

"ಆತೇನು?" ಎಂದ. "ಕಟ್ಟಿನೂ ಹೋತು, ಹರಳೂ ಹೋತು. ತಮ್ಮಯ್ಯ, ನಮ್ಮ ಲ್ಯಾಬಿನ್ಯಾಗ ಒಬ್ಬಾಂವ ಇದ್ದ, ಇಕೀ ಹಂಗ, ಬರೇ ಪುಸ್ತಕದ ಹುಳಾ. ಅಂವಗ ನಾ ಒಂದಿನ ಹೇಳ್ದೆ, ನೋಡಪಾ, ನೀ..."

ಆ ಒಬ್ಬನಿಗೆ ಇವನು ಏನು ಹೇಳಿದನೋ ನಮಗೆ ತಿಳಿಯಲಿಲ್ಲ. ಲೋಟದ ನೀರು ಇದ್ದಕ್ಕಿದ್ದಂತೆ ಹಳದಿಯಾಯಿತು, ನೋಡುತ್ತಿದ್ದಂತೆಯೇ ಕಂದಾಯಿತು, ಕಂದು ಕಪ್ಪಾಯಿತು. ಯಾರೂ ಮುಟ್ಟಿರಲಿಲ್ಲ. ನೆಲ್ಲಿಕಾಯಿಯ ವಿಟಮಿನ್ ಸಿ ತಾನು ತೀರುವವರೆಗೆ ಅಯೋಡಿನ್ನನ್ನು ತಡೆದು ಹಿಡಿದಿತ್ತು, ತೀರಿದ ಮೇಲೆ ಬಿಟ್ಟುಕೊಟ್ಟಿತು ಎಂದು ಸ್ವಪ್ನಾ ಆಮೇಲೆ ನನಗೆ ಬಿಡಿಸಿ ಹೇಳಿದಳು. ಆಕೆಗೆ ಅದು ಗೊತ್ತಿತ್ತಂತೆ, ಆದರೆ ಅಷ್ಟು ರಸದಲ್ಲಿ ವಿಟಮಿನ್ ಎಷ್ಟಿದೆಯೆಂದು ಗೊತ್ತಿರಲಿಲ್ಲವಂತೆ. ಅದಕ್ಕೇ ಹೆದರಿದ್ದಳಂತೆ.

ಬಣ್ಣ ನಿಂತ ಮೇಲೆ ಲೋಟದ ತಳಕ್ಕೆ ಕರಿ ಎಳ್ಳಿನ ಪುಡಿಯಂಥದು ಇಳಿಯತೊಡಗಿತು. ಆಕೆ ಕಾದಳು. ಮೇಲಿನ ನೀರನ್ನು ಬಗ್ಗಿಸಿ ಚೆಲ್ಲಿದಳು, ಫ್ರಿಜ್ಜಿನ ನೀರು ಹಾಕಿ ತೊಳೆದಳು, ಮತ್ತೆ ಬಗ್ಗಿಸಿದಳು. ಗೋವಿಂದ "ಅದು ಹೊಲಸು ಇರಬೇಕು, ನೆಲ್ಲಿಕಾಯಿ ಹೊಲಸು" ಎಂದ. ತಮ್ಮಯ್ಯನವರೂ ಒಪ್ಪಲಿಲ್ಲ. ಅವರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

ಕರಿಯ ಪುಡಿಯಿದ್ದ ಲೋಟವನ್ನು ಸ್ವಪ್ನಾ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಬಾಯಿಗೆ ಬರ್ಫ ತುಂಬಿದ ಬಟ್ಟಲು ಇಟ್ಟಳು. ಗ್ಯಾಸು ಸಣ್ಣಗೆ. ಸ್ವಲ್ಪ ಹೊತ್ತಿಗೆ ಲೋಟದೊಳಗೆ ಹೊಗೆ ಎದ್ದಿತು. ಬೂದಿ ಬಣ್ಣದ ಹೊಗೆಯಲ್ಲ, ನೇರಳೆ ಬಣ್ಣದ್ದು, ಬದನೆಕಾಯಿ ಸಿಪ್ಪೆಯ ಬಣ್ಣ. ಅದು ಮೇಲೇರಿ ಬಟ್ಟಲಿನ ತಳಕ್ಕೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಗ್ಯಾಸು ಆರಿಸಿ, ತಣಿದ ಮೇಲೆ ಆಕೆ ಬಟ್ಟಲನ್ನು ಎತ್ತಿ ತಿರುವಿ ಹಿಡಿದಳು. ತಳದ ತುಂಬ ಸಣ್ಣ ಸಣ್ಣ ಕರಿಯ ಹರಳು, ಬೆಳಕಿಗೆ ಹೊಳೆಯುತ್ತಿದ್ದವು.

ವಾಸಂತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ ಬಗ್ಗಿ ನೋಡಿದಳು. "ಇಷ್ಟ ಛಂದ ಇರ್ತದೇನ ಇದು," ಎಂದಳು.

ಮೊದಲು ಚೇತರಿಸಿಕೊಂಡವರು ತಮ್ಮಯ್ಯ. ಪಕ್ಕದಲ್ಲಿದ್ದವನು ಗೋವಿಂದನಾದ್ದರಿಂದ ಅವನ ಕೈ ಕುಲುಕಿದರು. "ಭೇಷ್ ರಾಯರೆ. ನಿಮ್ಮ ನೆಲ್ಲಿಕಾಯಿ ಕೆಲಸ ಮಾಡ್ತು ನೋಡಿ."

ನನ್ನ ತಮ್ಮ ನಾಚುತ್ತಾನೆಂದು ನಾನೊಂದು ಗಳಿಗೆ ನಂಬಿದೆ. ಇಷ್ಟು ವರ್ಷ ಅವನನ್ನು ನೋಡಿಯೂ ಹಾಗೆ ನಂಬಿದೆನಲ್ಲ, ಅದು ನನ್ನ ಮೂರ್ಖತನ. ಅವನು ಕೈ ಕುಲುಕಿಸಿಕೊಂಡು, "ಮೊದ್ಲು ಶುದ್ಧ ಮಾಡ್ಬೇಕಾಗ್ತದ," ಎಂದ. "ಶುದ್ಧ ಮಾಡ್ಲಾರ್ದ ಹರಳು ಹ್ಯಾಂಗ ಬೀಳ್ತದ? ಇದು ಇಕೀಗೆ ಗೊತ್ತಿರ್ಲಿಲ್ಲ."

ಸ್ವಪ್ನಾ ಕೈಗವಸು ಬಿಚ್ಚಿ ಮಾವನ ಎದುರಿಗೆ ಬಂದು ನಿಂತಳು. "ಹರಳು ಬಿತ್ತಲ್ರಿ ಮಾವ. ನಾಳೆ ನಾ ಹೋಗ್ಬೇಕು."

"ಬಿತ್ತು. ಯಾರು ಇಲ್ಲ ಅಂದ್ರು? ನನ್ನ ಮಾತಿಗೆ ನಾ ತಪ್ಪೂದಿಲ್ಲ. ಆದ್ರ ಕೂಸಿನ್ನ ನೋಡಾವ್ರು..."

"ನಾ ನೋಡ್ತೀನಿ," ಎಂದಳು ವಾಸಂತಿ ಒಳಗಿನಿಂದ.

"ನಿನ್ನ ಕೈಲೆ ಆಗೂದಿಲ್ಲ."

"ನನ್ನ ಯಾರೂ ಕೇಳೇ ಇಲ್ಲ. ಅಂದೂ ಕೇಳ್ಲಿಲ್ಲ, ಇಂದೂ ಕೇಳ್ಲಿಲ್ಲ."

"ಮೊಣಕಾಲು..."

"ಮೊಣಕಾಲು ನಂದು."

ನನಗೆ ಕೆಮ್ಮು ಬಂತು. ಬಂದ ಹಾಗೆ ಮಾಡಿದೆ ಎಂದರೂ ಸರಿ. ಗೋವಿಂದ ಮಗನ ಕಡೆ ನೋಡಿದ. ಅಭಿಜಿತ್ ಗಾಳಿ ಯಾವ ಕಡೆ ತಿರುಗಿದೆ ಎಂದು ಮೂಗೆತ್ತಿ ನೋಡಿ, "ಅವ್ವಾ ಹೇಳೂದೂ ಬರೋಬರ್ ಅದ," ಎಂದ. ಸ್ವಪ್ನಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಆಕೆಯ ಬಗೆಗಿನ ನನ್ನ ತಾತ್ಸಾರ ಅಲ್ಲಿಗೆ ಮುಗಿಯಿತು.

ಗೋವಿಂದನ ಬಳಿ ಇನ್ನೊಂದೇ ಬಾಣ ಉಳಿದಿತ್ತು. ಎದ್ದು ನಿಂತು ಹೇಳಿದ, "ಕಟ್ಟಿ ಮೈಲಿಗಿ ಆಗೇದ. ಈ ಕಟ್ಟಿ ಮ್ಯಾಲೆ ಬೇಯಿಸಿದ್ದು ನಾ ಉಣ್ಣೂದಿಲ್ಲ."

"ತೊಳೀತೀನಿ," ಎಂದಳು ವಾಸಂತಿ.

"ತೊಳದ್ರ ಆಗೂದಿಲ್ಲ."

"ಹಂಗಾರ ತಮ್ಮಯ್ಯನವರ ಮನ್ಯಾಗ ಉಣ್ರಿ."

ತಮ್ಮಯ್ಯನವರಿಗೆ ಮನೆಯಲ್ಲಿ ಏನೋ ಕೆಲಸವಿರುವುದು ತಕ್ಷಣ ನೆನಪಾಯಿತು. ಹೆಂಡತಿ ಊರಿಗೆ ಹೋಗಿದ್ದಾರೆ, ತಾವೇ ಹೊರಗಿನಿಂದ ಊಟದ ಡಬ್ಬಿ ತರಿಸುತ್ತಿದ್ದಾರೆ ಎಂದು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದರು. ಅವರನ್ನು ಕಳಿಸಿ ಗೋವಿಂದ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾವು ಹೆಂಗಸರು ಕಟ್ಟೆ ತೊಳೆದು, ಪಕ್ಕದ ಮನೆಯಿಂದ ಯಶಿಕಾಳನ್ನು ಕರೆತಂದು, ಜೋಳದ ರೊಟ್ಟಿ, ಝುಣಕ ಮಾಡಿಕೊಂಡು ಉಂಡೆವು. ಅಭಿಜಿತ್ ಕೂಡ ಉಂಡ. ನಾವು ತಾಟು ಎತ್ತುವ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಝುಣಕವನ್ನು ಗ್ಯಾಸಿನ ಮೇಲೆ ಮಾಡಿದ್ದೋ, ಕಟ್ಟೆಯ ಮೇಲೋ ಎಂದು ಗೋವಿಂದ ಕೇಳಿದ. ಗ್ಯಾಸಿನ ಮೇಲೆ ಎಂದು ವಾಸಂತಿ ಹೇಳಿದಳು. ಗ್ಯಾಸು ಕಟ್ಟೆಯ ಮೇಲೆಯೇ ಇದೆ. ಅಗ್ನಿಗೆ ಮೈಲಿಗೆ ಇಲ್ಲವೆಂದು ಅವನು ನಮಗೆಲ್ಲ ತಿಳಿಸಿ, ಮೂರು ರೊಟ್ಟಿ ತಿಂದ.

ಸೋಮವಾರ ನಾನು ಹೋಗುವ ಹೊತ್ತಿಗೆ ಸ್ವಪ್ನಾ ಹಿಂಗಣಾದ ಬಸ್ಸು ಹಿಡಿದು ಹೋಗಿಯಾಗಿತ್ತು. ಯಶಿಕಾ ಅತ್ತು ಮುಗಿಸಿ, ಕಣ್ಣೀರು ಆರುವ ಮೊದಲೇ ನಕ್ಕು, ಒಂದು ಸ್ಟೀಲಿನ ಡಬ್ಬಿಯನ್ನು ನೆಲಕ್ಕೆ ಬಡಿಯುತ್ತಿದ್ದಳು. ವಾಸಂತಿ ಹೊರಗೆ ಹೋಗುವ ಸೀರೆ ಉಟ್ಟು ನಿಂತಿದ್ದಳು.

"ಎಲ್ಲಿಗೆ?" ಎಂದು ಗೋವಿಂದ ಕೇಳಿದ.

"ಡಾಕ್ಟರ ಕಡೆ. ಮೊಣಕಾಲು ತೋರಸ್ಕೊಂಡು ಬರ್ತೀನಿ. ಕಾಶಕ್ಕ ಬರ್ತಾರ ಜೋಡಿ."

"ಮತ್ತ ಕೂಸು? ನೀನ ನೋಡ್ತೀನಿ ಅಂದಿದ್ದಿ."

"ನಾನ ನೋಡ್ತೀನಿ. ಬಂದ ಮ್ಯಾಲೆ. ಅಲ್ಲೀ ಮಟ ನೀವು."

"ನಾನು?"

"ರಾಗಿ ಹಿಟ್ಟು ಡಬ್ಬಿಯೊಳಗ ಅದ, ಹಾಲು ಫ್ರಿಜ್ಜಿನ್ಯಾಗ ಅದ. ಕಾಯಿಸಿ ಕುಡಸ್ರಿ. ಅಕೀ ಹಸೀತಾಳ ಈಗ."

ಗೋವಿಂದ ನನ್ನನ್ನು ನೋಡಿದ. ನಾನು ಚಪ್ಪಲಿ ಹುಡುಕುತ್ತಿದ್ದೆ. ಯಶಿಕಾ ಡಬ್ಬಿ ಬಿಟ್ಟು ಅವನ ಧೋತರದ ಚುಂಗು ಹಿಡಿದುಕೊಂಡಳು.

ನಾವು ಹೊರಗೆ ಬಂದು ಲಿಫ್ಟಿಗೆ ಕಾದೆವು. ಒಳಗೆ ಪಾತ್ರೆಯ ಸದ್ದು, ಗ್ಯಾಸ್ ಹಚ್ಚುವ ಸದ್ದು. ಲಿಫ್ಟು ಬಂದು ನಾವು ಒಳಗೆ ಕಾಲಿಡುವಾಗ ಅವನ ದನಿ ಮೆಟ್ಟಿಲವರೆಗೂ ಬಂತು.

"ವಾಸಂತೀ, ಹಿಟ್ಟು ಮೊದ್ಲು ಹಾಕೂದೋ, ಹಾಲು ಮೊದ್ಲು ಹಾಕೂದೋ?"

ವಾಸಂತಿ ಲಿಫ್ಟಿನ ಜಾಲರಿ ಎಳೆದಳು.

"ಗಂಟು ಗಂಟಾಗ್ಲಿಕ್ಕೆ ಹತ್ತೇದ!"

"ಕೈಯಾಡಸ್ರಿ," ಎಂದು ಆಕೆ ಅಲ್ಲಿಂದಲೇ ಕೂಗಿ ಹೇಳಿ, ಕೆಳಗಿನ ಗುಂಡಿ ಒತ್ತಿದಳು.